ಸಕ್ಕರೆ ಕೊಡದ ಮನೆಯ ಬಾಗಿಲು

ನಾನು ಒಂದು ಬಾಗಿಲು. ಹುಬ್ಬಳ್ಳಿಯ ಹಳೆಯ ಚಾಳೊಂದರಲ್ಲಿ, ಅಂಗಳಕ್ಕೆ ಮುಖ ಮಾಡಿದ ಮೂರು ಬಾಡಿಗೆ ಮನೆಗಳ ಪೈಕಿ ನಡುವಿನ ಮನೆಗೆ ಬಾಗಿಲಾಗಿದ್ದವನು. ದೊಡ್ಡವರ ವಾಡೆಯ ಬಾಗಿಲುಗಳಿಗೆ ಇರುವಂತೆ ನನ್ನ ಮೈಮೇಲೆ ಆನೆ, ಕಮಲ, ಬಳ್ಳಿ ಯಾವುದೂ ಇಲ್ಲ. ಒಂದೇ ಕದ, ಅಡ್ಡಕ್ಕೆ ಮೂರು ಪಟ್ಟಿ, ಒಳಗೊಂದು ಚಿಲಕ, ಹೊರಗೊಂದು ಚಿಲಕ. ಇಷ್ಟೇ ನನ್ನ ಬಂಡವಾಳ. ಆದರೂ ನನಗೆ ಮಾನದ ಚಿಂತೆ ಸ್ವಲ್ಪ ಜಾಸ್ತಿ. ಬಾಗಿಲಾಗಿ ಹುಟ್ಟಿದವನಿಗೆ ಇನ್ನೇನು ಚಿಂತೆ ಇರಬೇಕು ಹೇಳಿ! ಒಳಗಿನವರು ಉಂಡರೋ ಉಪವಾಸ ಮಲಗಿದರೋ, ನಕ್ಕರೋ ಅತ್ತರೋ, ಅದು ಹೊರಗಿನವರಿಗೆ ಕಾಣದಂತೆ ಅಡ್ಡ ನಿಲ್ಲುವುದೇ ನನ್ನ ಕೆಲಸ. ಆ ಕೆಲಸವನ್ನು ಒಂದು ದಿನ ನನ್ನಿಂದ ಕಿತ್ತುಕೊಂಡರು. ಆವತ್ತಿನ ನಾಚಿಕೆ ಇನ್ನೂ ನನ್ನ ಮೈಬಿಟ್ಟು ಹೋಗಿಲ್ಲ.

ನಾನು ಮೂಲದಲ್ಲಿ ಮತ್ತಿ ಮರ. ಕಲಘಟಗಿ ಕಡೆಯ ಕಾಡಿನಿಂದ ಲಾರಿಯಲ್ಲಿ ಬಂದು ಸಾಮಿಲ್ಲಿನ ಮೂಲೆಯಲ್ಲಿ ಬಿದ್ದಿದ್ದೆ. ಆಗ ಶಿವಪುತ್ರಪ್ಪ ಈ ಚಾಳು ಕಟ್ಟಿಸುತ್ತಿದ್ದ. ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಗಿರಣಿ ಮುಚ್ಚುವಾಗ ಕೈಗೆ ಬಂದದ್ದನ್ನೆಲ್ಲ ಇಟ್ಟಿಗೆ ಗಾರೆಗೆ ಸುರಿದಿದ್ದ. ಬಾಗಿಲಿಗೆ ಸಾಗವಾನಿ ಬೇಕೆಂದು ಅವನಿಗೆ ಆಸೆ, ಆದರೆ ಕಿಸೆ ಒಪ್ಪಲಿಲ್ಲ. ಬಡಿಗ ಮೋನಪ್ಪ ನನ್ನನ್ನು ತೋರಿಸಿದ.

‘ಮತ್ತಿ ಭಾಳ ಭಾರ ಆಗ್ತೈತಲ್ಲೋ ಮೋನಪ್ಪ,’ ಎಂದ ಶಿವಪುತ್ರಪ್ಪ.

‘ಬಾಗ್ಲಾ ಭಾರ ಇದ್ರ ಒಳಗ ಇರವ್ರು ಹಗುರ ಇರ್ತಾರ್ರಿ ಯಜಮಾನ್ರ,’ ಎಂದ ಮೋನಪ್ಪ.

ವ್ಯಾಪಾರಕ್ಕಾಗಿ ಆಡಿದ ಮಾತಿರಬಹುದು. ನಾನು ಮಾತ್ರ ಅದನ್ನು ನಿಜವೆಂದೇ ನಂಬಿ ಬೆಳೆದೆ. ಮೋನಪ್ಪ ನನ್ನನ್ನು ಕೊಯ್ದ, ಉಜ್ಜಿದ, ಕಬ್ಬಿಣದ ಬಿಜಾಗರಿ ಬಡಿದು ಚೌಕಟ್ಟಿಗೆ ತೂಗುಹಾಕಿದ. ಶಿವಪುತ್ರಪ್ಪನ ಹೆಂಡತಿ ನೀಲಗಂಗವ್ವ ಹೊಸ್ತಿಲಿಗೆ ಅರಿಶಿಣ ಬಳಿದು, ಮಾವಿನೆಲೆ ಕಟ್ಟಿ, ಕಾಯಿ ಒಡೆದಳು. ಮೂರು ಮನೆಗಳನ್ನು ಬಾಡಿಗೆಗೆ ಬಿಟ್ಟು, ಎದುರಿನ ಮನೆಯಲ್ಲಿ ಗಂಡ ಹೆಂಡತಿ ತಾವೇ ಉಳಿದರು. ಹೀಗಾಗಿ ನಾನು ತೆರೆದಾಗಲೆಲ್ಲ ಕಾಣುತ್ತಿದ್ದದ್ದು ಅವರ ಮನೆಯ ಕಟ್ಟೆ. ನೀಲಗಂಗವ್ವ ಕೂದಲು ಬಾಚಿಕೊಳ್ಳುವುದು, ಅವರೆಕಾಯಿ ಸುಲಿಯುವುದು, ಆಮೇಲೊಂದು ದಿನ ಗಂಡನ ಹೆಣದ ಮುಂದೆ ಕೂತು ಎದೆ ಬಡಿದುಕೊಂಡದ್ದು, ಎಲ್ಲವನ್ನೂ ನೋಡಿದೆ. ಅವರಿಗೆ ಮಕ್ಕಳಿರಲಿಲ್ಲ. ಪಿಂಚಣಿಯೂ ಇರಲಿಲ್ಲ. ಅವನು ಬಿಟ್ಟುಹೋದದ್ದು ನಮ್ಮನ್ನೇ, ಮೂರು ಬಾಗಿಲುಗಳನ್ನು. ನಮ್ಮ ಹಿಂದೆ ಇರುವವರು ಬಾಡಿಗೆ ಕೊಟ್ಟರೆ ಅವಳ ಒಲೆ ಉರಿಯುತ್ತಿತ್ತು.

ನನ್ನ ಹಿಂದೆ ಮೊದಲು ಇದ್ದವನು ಒಬ್ಬ ಲಾರಿ ಡ್ರೈವರ್. ಕೈಯಿಂದ ತೆರೆಯುವ ರೂಢಿಯೇ ಇಲ್ಲ, ಬೂಟುಗಾಲಿನಿಂದ ಒದೆಯುವುದು. ಅವನ ನಂತರ ಬಂದ ಮಾಸ್ತರರು ಬಿಜಾಗರಿಗೆ ಎಣ್ಣೆ ಬಿಟ್ಟು, ನನ್ನನ್ನು ಮಗುವಿನಂತೆ ಸಾವಕಾಶ ಮುಚ್ಚುತ್ತಿದ್ದರು. ಮೂರನೆಯವನು ಫಕ್ಕೀರಪ್ಪ. ಮದುವೆ, ಜಾತ್ರೆ, ಭಾಷಣಗಳಿಗೆ ಮೈಕ್‌ಸೆಟ್ ಕೊಡುವವನು. ಹೆಂಡತಿ ಕಸ್ತೂರಿ, ಅವಳ ಕಂಕುಳಲ್ಲಿ ಹಾಲುಗೂಸು ದಾಕ್ಷಾಯಣಿ, ಹಿಂದಿನಿಂದ ಕೈಗಾಡಿಯಲ್ಲಿ ಎರಡು ದೊಡ್ಡ ಸ್ಪೀಕರ್. ಬಂದ ದಿನವೇ ಪ್ಲಗ್ ಚುಚ್ಚಿ ‘ಹಲೋ, ಹಲೋ’ ಎಂದು ಇಡೀ ಓಣಿಯನ್ನು ಎಬ್ಬಿಸಿದ. ನೀಲಗಂಗವ್ವ ಕಟ್ಟೆಯಿಂದಲೇ, ‘ಏ ಫಕ್ಕೀರಪ್ಪ, ಇಲ್ಲೇನು ಇಲೆಕ್ಷನ್ ಐತೇನೋ?’ ಎಂದು ನಕ್ಕಳು. ಆ ನಗುವಿನಲ್ಲೇ ಬಾಡಿಗೆ ಕರಾರು ಆದಂತಾಯಿತು.

ಒಳ್ಳೆಯ ಕಾಲ ಅದು. ತಿಂಗಳ ಮೊದಲ ದಿನ ಫಕ್ಕೀರಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅಂಗಳ ದಾಟಿ ಹೋಗಿ ಬಾಡಿಗೆ ಕೊಟ್ಟು ಬರುತ್ತಿದ್ದ. ದಾಕ್ಷಾಯಣಿ ನನ್ನ ಚಿಲಕ ಹಿಡಿದು ಜೋತಾಡುತ್ತ ಬೆಳೆದಳು. ನೀಲಗಂಗವ್ವನಿಗೆ ‘ಆಯಿ’ ಎನ್ನುತ್ತಿದ್ದಳು, ಸ್ವಂತ ಅಜ್ಜಿಯನ್ನು ಕರೆಯುವ ಹಾಗೆ. ಊಟ ಅಲ್ಲಿ, ನಿದ್ದೆ ಇಲ್ಲಿ. ದೊಡ್ಡವಳಾದಳು, ಕುಂದಗೋಳಕ್ಕೆ ಮದುವೆಯಾಗಿ ಹೋದಳು.

ಅದಾದ ಮೇಲೆ ಲಾಕ್‌ಡೌನ್ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ನಮಗೆ ಅಷ್ಟು ಕೆಲಸ ಹಿಂದೆಂದೂ ಇರಲಿಲ್ಲ, ಫಕ್ಕೀರಪ್ಪನಿಗೆ ಮಾತ್ರ ಕೆಲಸವೇ ಇಲ್ಲ. ಮದುವೆಯಿಲ್ಲ, ಸಭೆಯಿಲ್ಲ, ಮೈಕ್ ಯಾರಿಗೆ ಬೇಕು? ನೀಲಗಂಗವ್ವ ತಾನಾಗಿಯೇ, ‘ಲೋಕಕ್ಕ ಬಂದದ್ದು ನಿನಗೂ ಬಂದೈತಿ, ಇರ್ಲಿ ಬಿಡಪಾ,’ ಎಂದಳು. ಜಡ್ಡು ಹೋಯಿತು, ಮದುವೆಗಳು ಶುರುವಾದವು, ಆದರೆ ಜನ ಡಿಜೆ ಕೇಳತೊಡಗಿದರು. ಎದೆ ನಡುಗಿಸುವ ಆ ಡಬ್ಬಿಗಳ ಮುಂದೆ ಇವನ ಸ್ಪೀಕರ್ ಯಾರ ಕಿವಿಗೂ ಬೀಳಲಿಲ್ಲ. ಬಾಡಿಗೆ ಅರ್ಧವಾಯಿತು, ಆಮೇಲೆ ಆಗೊಮ್ಮೆ ಈಗೊಮ್ಮೆ ಎಂಬಂತಾಯಿತು, ಆಮೇಲೆ ನಿಂತೇಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ನಾಚಿಕೆಯ ಆಟ. ಫಕ್ಕೀರಪ್ಪ ಹೊರಗೆ ಹೊರಡುವ ಮೊದಲು ನನ್ನನ್ನು ಒಂದು ಬೆರಳಷ್ಟೇ ತೆರೆದು, ಎದುರಿನ ಕಟ್ಟೆ ಖಾಲಿ ಇದೆಯೇ ಎಂದು ಇಣುಕುತ್ತಿದ್ದ. ಖಾಲಿ ಇದ್ದರೆ ತಲೆ ತಗ್ಗಿಸಿ ಸರಕ್ಕನೆ ಗೇಟು ದಾಟುತ್ತಿದ್ದ. ಅದು ಯಾಕೆ ಖಾಲಿ ಇರುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನನ್ನ ಬಿಜಾಗರಿ ಕಿರ್ರೆಂದ ಕೂಡಲೇ ನೀಲಗಂಗವ್ವ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಎದುರಿಗೆ ಬಂದರೆ ಕೇಳಬೇಕಾಗುತ್ತದಲ್ಲ, ಅದಕ್ಕೆ. ಕೊಡಬೇಕಾದವನಿಗೂ ನಾಚಿಕೆ, ಕೇಳಬೇಕಾದವಳಿಗೂ ನಾಚಿಕೆ. ಎಷ್ಟೋ ಸಲ ನನಗೇ ಸಿಟ್ಟು ಬರುತ್ತಿತ್ತು. ಅಯ್ಯೋ ಮಾರಾಯರೇ, ಒಬ್ಬರಾದರೂ ಬಾಯಿ ಬಿಡಿ ಎಂದು ಕೂಗಬೇಕೆನಿಸುತ್ತಿತ್ತು. ಬಾಗಿಲಿಗೆ ಬಾಯಿ ಎಲ್ಲಿದೆ?

ನೀಲಗಂಗವ್ವನ ಅಣ್ಣನ ಮಗ ಚನ್ನಬಸು. ಸಿಮೆಂಟು ಅಂಗಡಿ ಇಟ್ಟುಕೊಂಡವನು. ಸುಳ್ಳು ಹೇಳಬಾರದು, ಮನುಷ್ಯ ಕೆಟ್ಟವನಲ್ಲ. ಅತ್ತೆಗೆ ಬಿಪಿ ಗುಳಿಗೆ ತಂದುಕೊಡುವವನು, ಮೊಣಕಾಲು ನೋವಿಗೆ ದವಾಖಾನೆಗೆ ಕರೆದೊಯ್ಯುವವನು ಅವನೇ. ಇತ್ತೀಚೆಗೆ ಗುಳಿಗೆಯ ದುಡ್ಡೂ ಅವನ ಕಿಸೆಯಿಂದಲೇ ಹೋಗುತ್ತಿತ್ತು. ಅದು ಅವಳಿಗೆ ಇನ್ನೊಂದು ನಾಚಿಕೆ. ಅವನೇ ಒಂದು ಸಂಜೆ ಓಣಿಯ ವಕೀಲರಾದ ಹಂಪಣ್ಣವರ ಅವರನ್ನು ಕಟ್ಟೆಗೆ ಕರೆತಂದು ಚಹಾ ಕುಡಿಸಿದ.

‘ನೋಡ್ರಿ ನೀಲಗಂಗವ್ವ,’ ಎಂದರು ವಕೀಲರು, ‘ದಾರಿ ಎರಡ. ಕೇಸು ಹಾಕಿದ್ರ ಬಿಡಸಬಹುದು, ಆದ್ರ ಯಾವಾಗ ಬಿಡ್ತಾನ ಅಂತ ನಾ ಹೇಳಾಕಾಗಂಗಿಲ್ಲ. ಕೋರ್ಟಿನಾಗ ಗೆದ್ದಂವ ಸೋತ, ಸೋತಂವ ಸತ್ತ ಅಂತ ಹಿರ್ಯಾರ ಹೇಳ್ಯಾರ. ಇಲ್ಲಾ, ರಾಜಿ ಮಾಡ್ಕೋರಿ. ಬಾಕಿ ಬಿಟ್ಟೆ, ಮನಿ ಬಿಡಪಾ ಅನ್ರಿ.’

‘ಕೊಡಬೇಕಾದಂವಗ ನಾವ ಬಿಟ್ಟ ಕೊಡೋದ್ರಿ?’ ಎಂದು ಚನ್ನಬಸು ಸಿಡುಕಿದ. ‘ಚಲೋ ನ್ಯಾಯ ಆತಿದು!’

ನೀಲಗಂಗವ್ವ ಚಹಾದ ಕಪ್ಪುಗಳನ್ನು ಎತ್ತಿಕೊಂಡಳು. ವಕೀಲರು ಹೋದ ಮೇಲೆ, ‘ದಸರಾ ಮುಗೀಲಿ. ಬನ್ನಿ ಕೊಡಾಕ ಬಂದ ಬರ್ತಾನ, ಆವಾಗ ನಾನ ಮಾತಾಡ್ತೀನಿ,’ ಎಂದಳು.

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಡದೆ ಯಾರೂ ಇರುವುದಿಲ್ಲ. ವರ್ಷವಿಡೀ ಜಗಳಾಡಿದವರೂ ಆವತ್ತು ಎಲೆ ಹಿಡಿದು ಬಂದು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು,’ ಎಂದರೆ ಮುಗಿಯಿತು, ಬೇಡ ಎನ್ನುವಂತಿಲ್ಲ. ಆವತ್ತು ನೀಲಗಂಗವ್ವ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಳು. ಓಣಿಯವರೆಲ್ಲ ಬಂದರು, ಕಾಲು ಮುಟ್ಟಿದರು, ಎಲೆ ಕೊಟ್ಟರು. ಅವಳ ಕಣ್ಣು ಮಾತ್ರ ನನ್ನ ಮೇಲೆ.

ಒಳಗೆ ಫಕ್ಕೀರಪ್ಪ ಒಗೆದ ಅಂಗಿ ಹಾಕಿಕೊಂಡು, ಕೈಯಲ್ಲಿ ಬನ್ನಿ ಎಲೆ ಹಿಡಿದು ನಿಂತಿದ್ದ. ಕೊನೆಗೂ ಧೈರ್ಯ ಮಾಡಿ ನನ್ನನ್ನು ತೆರೆದ. ಅಷ್ಟರಲ್ಲಿ ಕಟ್ಟೆಯಲ್ಲಿದ್ದ ಚನ್ನಬಸು ಯಾರಿಗೋ ಫೋನಿನಲ್ಲಿ, ‘ಬಾಡಿಗಿ ಕೊಡಲಾರದ ಮಂದಿಗೆ ಮಾರಿ ಅನ್ನೂದು ಇರ್ತೈತೇನೋ?’ ಎಂದು ನಕ್ಕ. ಅವನು ಹೇಳಿದ್ದು ತನ್ನ ಅಂಗಡಿಯ ಮೇಲಿನ ಬಾಡಿಗೆದಾರನ ವಿಷಯ. ಫಕ್ಕೀರಪ್ಪನಿಗೆ ಅದು ಹೇಗೆ ಗೊತ್ತಾಗಬೇಕು? ತನ್ನ ಮುಖಕ್ಕೇ ಅಂದನೆಂದುಕೊಂಡ. ನನ್ನನ್ನು ಮುಚ್ಚಿ, ಎಲೆಗಳನ್ನು ಸ್ಪೀಕರಿನ ಮೇಲಿಟ್ಟು, ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಕಸ್ತೂರಿ ಹೋಗ್ರಿ ಹೋಗ್ರಿ ಎಂದರೂ ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನೀಲಗಂಗವ್ವ ಕಟ್ಟೆಯಿಂದ ಎದ್ದಳು. ‘ಬಾಡಿಗಿ ಹಾಳಾಗಿ ಹೋಗ್ಲಿ, ಬನ್ನಿನರ ಕೊಡಬಾರದಾಗಿತ್ತಾ?’ ಎಂದಳು. ಬಾಡಿಗೆ ನಿಂತಾಗ ಆಗದ ನೋವು ಅವಳಿಗೆ ಆವತ್ತು ಆಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಬೆಳಗಿನ ಜಾವ ಫಕ್ಕೀರಪ್ಪನ ಫೋನು ಹೊಡೆದುಕೊಂಡಿತು. ದಾಕ್ಷಾಯಣಿ ತುಂಬಿದ ಬಸುರಿ, ಮಾತು ನಿಂತ ಎದುರಿನ ಮನೆಗೆ ಅದನ್ನೂ ಹೇಳಿರಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ದೀಪಾವಳಿ ಹಬ್ಬದ ನಂತರ ಕರೆತರುವುದಿತ್ತು. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು, ಗಂಡನ ಮನೆಯವರು ಅವಳನ್ನು ನೇರವಾಗಿ ಹುಬ್ಬಳ್ಳಿಯ ಆಸ್ಪತ್ರೆಗೇ ತಂದಿದ್ದರು. ಕಸ್ತೂರಿ ಸಿಕ್ಕಿದ್ದನ್ನು ಗಂಟು ಕಟ್ಟುತ್ತ, ‘ಎದುರ ಮನಿ ಅವ್ವಾರಿಗೆ ಒಂದು ಮಾತು ಹೇಳಿ ಹೋಗೂಣು,’ ಎಂದಳು.

‘ಯಾವ ಮಾರಿ ಇಟ್ಕೊಂಡು ಹೇಳ್ಲಿ?’ ಎಂದ ಫಕ್ಕೀರಪ್ಪ. ನನಗೆ ಬೀಗ ಜಡಿದು ಇಬ್ಬರೂ ಕತ್ತಲಲ್ಲೇ ಹೋದರು.

ಹೆಣ್ಣು ಕೂಸು ಹುಟ್ಟಿತಂತೆ. ಆ ಸುದ್ದಿ ನನಗೆ ಆಮೇಲೆ ತಿಳಿದದ್ದು. ಬೇರೆ ಯಾವ ಕಾಲದಲ್ಲೇ ಆಗಿದ್ದರೂ ಫಕ್ಕೀರಪ್ಪ ಆಸ್ಪತ್ರೆಯಿಂದ ಓಡಿಬಂದು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದ, ಮೊದಲ ಹಿಡಿ ನೀಲಗಂಗವ್ವನ ಕೈಗೇ ಹಾಕುತ್ತಿದ್ದ. ಕೂಸು ಹುಟ್ಟಿದ ಮನೆಯವರು ಸಕ್ಕರೆ ಕೊಡುವುದು, ಪಡೆದವರು ಬಾಣಂತಿಯನ್ನು ನೋಡಲು ಹೋಗುವುದು, ಇದು ನಡೆದುಬಂದ ರೀತಿ. ಈ ಸಲ ಸಕ್ಕರೆ ಬರಲಿಲ್ಲ. ಬರದಿದ್ದ ಮೇಲೆ ಕೂಸು ಹುಟ್ಟಿದ್ದು ಯಾರಿಗೆ ಗೊತ್ತಾಗಬೇಕು? ನೀಲಗಂಗವ್ವನಿಗೆ ಕಂಡದ್ದು ದಿನ ಕಳೆದರೂ ತೆಗೆಯದ ನನ್ನ ಮೇಲಿನ ಬೀಗ ಮಾತ್ರ.

‘ಓಡಿ ಹೋಗ್ಯಾರ ಅತ್ತಿ,’ ಎಂದ ಚನ್ನಬಸು. ‘ಸಾಮಾನು ಒಯ್ಯಾಕ ಒಂದಿನ ಬಂದ ಬರ್ತಾರ. ಅಷ್ಟರಾಗ ಬಾಗ್ಲಾ ತಗಸಿಬಿಡೂಣು. ಬೀಗ ಒಡಿಯೂದಿಲ್ಲ, ಸಾಮಾನು ಮುಟ್ಟೂದಿಲ್ಲ. ಕೇಳಿದ್ರ, ಹುಳ ಹತ್ತಿತ್ತು, ರಿಪೇರಿಗೆ ಕೊಟ್ಟೀವಿ ಅನ್ನೂಣು. ಬಾಗ್ಲಾ ಇಲ್ಲದ ಮನ್ಯಾಗ ಯಾರ ಇರ್ತಾರ? ಹಾವೂ ಸಾಯ್ತೈತಿ, ಕೋಲೂ ಮುರಿಯೂದಿಲ್ಲ.’

ನನಗೆ ಹುಳ? ಮತ್ತಿ ಮರಕ್ಕೆ? ಆ ಸುಳ್ಳಿಗೇ ನನ್ನ ಮೈಯೆಲ್ಲ ಉರಿದುಹೋಯಿತು. ನೀಲಗಂಗವ್ವ ಒಪ್ಪಲಾರಳು ಎಂದೇ ನಂಬಿದ್ದೆ. ಅವಳು ಬಹಳ ಹೊತ್ತು ನನ್ನ ಕಡೆ ನೋಡಿದಳು. ‘ಹೇಳದ ಹೋದ್ರಲ್ಲೋ, ಇಷ್ಟ ವರ್ಷದ ಋಣ ಅನ್ನಲಿಲ್ಲ,’ ಎಂದಳು. ಆಮೇಲೆ, ‘ನಿನಗ ತಿಳಿದಂಗ ಮಾಡು,’ ಎಂದು ಒಳಗೆ ಹೋದಳು.

ಮರುದಿನ ಚನ್ನಬಸು ಒಬ್ಬ ಬಡಿಗನನ್ನು ಕರೆತಂದ. ಮೋನಪ್ಪ ಎಂದೋ ತೀರಿಹೋಗಿದ್ದ. ಇವನು ಉಳಿಯನ್ನು ಚೌಕಟ್ಟಿನ ಸಂದಿಗೆ ತೂರಿಸಿ ಸುತ್ತಿಗೆಯಿಂದ ಬಡಿದ. ಮೇಲಿನ ಬಿಜಾಗರಿ ಸಲೀಸಾಗಿ ಬಂತು. ಕೆಳಗಿನದು ಬರಲಿಲ್ಲ, ಅದನ್ನು ಎಳೆಯುವಾಗ ನನ್ನ ಅಂಚು ಸೀಳಿತು. ಬೀಗ ಬೀಗದ ಹಾಗೆಯೇ ಇತ್ತು. ನನ್ನನ್ನು ಇನ್ನೊಂದು ಮಗ್ಗುಲಿನಿಂದ ಬಿಚ್ಚಿ ಹೊರಗೆಳೆದರು. ಅಂಗಳದ ಬೆಳಕೆಲ್ಲ ಒಂದೇ ಸಲ ಆ ಮನೆಯೊಳಗೆ ಬಿತ್ತು. ಹಗ್ಗದ ಮೇಲಿನ ಕುಬುಸ, ಗೋಡೆಯ ಕಲೆ, ಅರ್ಧ ಹೊಲಿದ ಕೌದಿ, ಮೂಲೆಯಲ್ಲಿ ತೊಳೆದು ಮಡಚಿಟ್ಟ ಹಳೆಯ ಮೆತ್ತನೆ ಸೀರೆಗಳು, ಸೂರಿಗೆ ಕಟ್ಟಿದ ತೊಟ್ಟಿಲ ಹಗ್ಗ. ಇಷ್ಟು ವರ್ಷ ನಾನು ಮುಚ್ಚಿಟ್ಟಿದ್ದೆಲ್ಲ ಬಯಲಾಯಿತು. ಪಕ್ಕದ ಮನೆಯ ಹುಡುಗರು ಬಂದು ಇಣುಕಿದರು. ನೀಲಗಂಗವ್ವ ಬಂದು ನೋಡಲಿಲ್ಲ. ನೋಡಿದ್ದರೆ ಆ ಹಗ್ಗ ಏನು ಹೇಳುತ್ತದೆಂದು ಹೆಣ್ಣುಮಗಳಾದ ಅವಳಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಚನ್ನಬಸುವಿಗೆ ಅದು ಹಗ್ಗವಷ್ಟೇ. ನನ್ನನ್ನು ತಂದು ಅವಳ ಕಟ್ಟೆಯ ಗೋಡೆಗೆ ಆನಿಸಿದರು.

ಅದೇ ದಿನ ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು.

ಮೊದಲು ಕಸ್ತೂರಿ ಇಳಿದಳು. ಆಮೇಲೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ದಾಕ್ಷಾಯಣಿ, ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಕೊನೆಗೆ ಫಕ್ಕೀರಪ್ಪ, ಎದೆಗೆ ಒಂದು ಬಟ್ಟೆಯ ಗಂಟು ಅವಚಿಕೊಂಡು. ಆ ಗಂಟು ಅತ್ತಿತು. ಬಾಣಂತಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ನಿವಾಳಿಸಿ ಒಳಗೆ ಕರೆದುಕೊಳ್ಳಬೇಕು. ಕಸ್ತೂರಿ ಮಗಳನ್ನು ಹೊಸ್ತಿಲ ಮುಂದೆ ನಿಲ್ಲಿಸಿದಳು, ಕೀಲಿ ತೆಗೆಯಲು ಸೆರಗಿನ ಗಂಟಿಗೆ ಕೈ ಹಾಕಿದಳು, ತಲೆ ಎತ್ತಿ ನೋಡಿದಳು. ಕೀಲಿ ಕೈಯಲ್ಲೇ ಉಳಿಯಿತು. ಬೀಗ ನನ್ನ ಜೊತೆ ಎದುರಿನ ಕಟ್ಟೆಯ ಮೇಲಿತ್ತು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಒಳ್ಳೆಯದಿತ್ತು. ಫಕ್ಕೀರಪ್ಪ ನನ್ನನ್ನು ನೋಡಿದ, ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿದ, ತಪ್ಪು ತನ್ನದೇ ಎಂಬಂತೆ. ಕಸ್ತೂರಿ ಮಗಳನ್ನು ಒಳಗೆ ಮಲಗಿಸಿ, ಒಂದು ಸ್ಪೀಕರನ್ನು ಅಡ್ಡ ಇಟ್ಟು, ಚೌಕಟ್ಟಿಗೆ ಸೀರೆ ಕಟ್ಟಲು ನೋಡಿದಳು. ದೀಪಾವಳಿ ಮುಂದಿನ ಒಣ ಗಾಳಿ, ಸೀರೆ ನಿಲ್ಲಲಿಲ್ಲ. ಹಸಿ ಬಾಣಂತಿ ಬಯಲಲ್ಲಿ ಮಲಗಿದ ಹಾಗೆ ಮಲಗಿದ್ದಳು. ಕೂಸಿಗೆ ಹಾಲು ಕುಡಿಸಬೇಕೆಂದರೆ ಮರೆಯಿಲ್ಲ. ಕಟ್ಟೆಯ ಗೋಡೆಗೆ ಆನಿಕೊಂಡು ನಾನು ಅದನ್ನೆಲ್ಲ ನೋಡಬೇಕಾಯಿತು. ನನ್ನನ್ನು ಸೀಳಿ ಒಲೆಗಾದರೂ ಹಾಕಬಾರದಿತ್ತೇ ಎನಿಸಿತು.

ಕೂಸಿನ ಅಳು ಕೇಳಿ ನೀಲಗಂಗವ್ವ ಹೊರಗೆ ಬಂದಳು. ಮೊಣಕಾಲು ಹಿಡಿದುಕೊಂಡು ಅಂಗಳ ದಾಟಿದಳು. ಹೊಸ್ತಿಲ ಹತ್ತಿರ ನಿಂತು ಒಳಗೆ ನೋಡಿದಳು. ಅವಳ ಬಾಯಿಂದ ಬಂದ ಮೊದಲ ಮಾತು ಇದು:

‘ಕಸ್ತೂರಿ, ನನಗ ಸಕ್ಕರಿ ಕೊಡಬಾರದಾಗಿತ್ತೇನ?’

‘ಬಾಡಿಗಿ ಕೊಡಲಾರದವ್ರು ಸಕ್ಕರಿ ಹ್ಯಾಂಗ ಕೊಡೂದ್ರಿ, ಅವ್ವಾರ?’ ಎಂದಳು ಕಸ್ತೂರಿ.

ಇಬ್ಬರೂ ಅತ್ತರು. ಒಳಗಿನಿಂದ ದಾಕ್ಷಾಯಣಿ, ‘ಆಯಿ, ಥಂಡಿ ಹತ್ತಾಕತ್ತೈತಿ,’ ಎಂದಳು. ನೀಲಗಂಗವ್ವ ಕಣ್ಣು ಒರೆಸಿಕೊಂಡು, ಕಟ್ಟೆಯ ಕಡೆ ತಿರುಗಿ, ‘ಚನ್ನಬಸು, ಓಡು! ಆ ಬಡಿಗ್ಯಾನ್ನ ಎಲ್ಲಿದ್ರೂ ಹಿಡಕೊಂಡ್ ಬಾ!’ ಎಂದು ಚೀರಿದಳು. ಅಷ್ಟು ದೊಡ್ಡ ದನಿ ಅವಳಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಆ ಹೊಸ್ತಿಲ ಮೇಲೆ, ಅಂಗಳಕ್ಕೆ ಬೆನ್ನು ಮಾಡಿ ಕೂತಳು. ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ಚೌಕಟ್ಟಿಗೆ ಒತ್ತಿಕೊಂಡಳು. ಗಾಳಿ ಅವಳ ಬೆನ್ನಿಗೆ ಬಡಿಯಿತು. ಓಣಿಯ ಜನ ಗೇಟಿನಲ್ಲಿ ನಿಂತು ನೋಡಿದರು. ಕೈ ನಡುಗಿದರೂ ಅವಳು ಇಳಿಸಲಿಲ್ಲ. ಬಡಿಗ ಬರುವವರೆಗೂ ನನ್ನ ಕೆಲಸವನ್ನು ಆ ಮುದುಕಿ ಮಾಡಿದಳು.

ಸಂಜೆಯೊಳಗೆ ನನ್ನನ್ನು ಮತ್ತೆ ತೂಗುಹಾಕಿದರು. ಸೀಳಿದ ಅಂಚು ಕೂಡಲಿಲ್ಲ. ಮುಚ್ಚಿದರೂ ಕೆಳಗೊಂದು ಸಂದಿ ಉಳಿಯಿತು. ಕಸ್ತೂರಿ ಅದಕ್ಕೆ ಬಟ್ಟೆ ತುರುಕಿದಳು.

ಸುದ್ದಿ ಕೇಳಿ ವಕೀಲರು ತಾವಾಗಿಯೇ ಬಂದರು. ‘ಯಾರ್ರೀ ನಿಮಗ ಈ ಬುದ್ಧಿ ಕೊಟ್ಟವ್ರು? ಅಂವ ಪೊಲೀಸ್ ಠಾಣೆಗೆ ಹೋದ್ರ ಕೇಸು ನಿಮ್ಮ ಮ್ಯಾಲ ಬರ್ತೈತಿ!’ ಎಂದು ಗದರಿದರು. ಚನ್ನಬಸುವಿನ ಮುಖ ಬಿಳುಚಿತು.

‘ಅಂವ ಹೋಗಂಗಿಲ್ರಿ,’ ಎಂದಳು ನೀಲಗಂಗವ್ವ. ‘ಸಕ್ಕರಿ ಕೊಡಾಕ ನಾಚಿದಂವ ಠಾಣೆಗೆ ಹೋಗ್ತಾನೇನ್ರಿ?’

‘ಹಂಗಾರ ಈಗ ಏನ್ ಮಾಡ್ತೀರಿ? ಕೇಸೋ, ರಾಜಿಯೋ?’

ಅವಳು ಬಾಣಂತಿಗೆ ನೀರು ಕಾಯಿಸಬೇಕೆಂದು ಎದ್ದು ಹೋದಳು. ಆ ವಾರವೆಲ್ಲ ನಾನು ಅವಳನ್ನು ನೋಡುತ್ತಿದ್ದೆ. ಬಾಣಂತಿಗೆ ಅಂಟಿನ ಉಂಡಿ ಕಟ್ಟಿ ತಂದುಕೊಡುವಳು, ಕೂಸಿಗೆ ಎರೆಯುವಳು, ತನ್ನ ಕಟ್ಟೆಗೆ ಹೋಗಿ ಸುಮ್ಮನೆ ಕೂರುವಳು. ಇರಲಿ ಎನ್ನೋಣವೆಂದರೆ ಅವಳ ಗುಳಿಗೆಗೂ ಅಣ್ಣನ ಮಗನ ಮುಂದೆ ಕೈಯೊಡ್ಡಬೇಕು. ಹೋಗಿ ಎನ್ನೋಣವೆಂದರೆ ಆ ಕೂಸು. ಕೊನೆಗೆ ಒಂದು ಸಂಜೆ ವಕೀಲರ ಎದುರಿಗೆ ಫಕ್ಕೀರಪ್ಪನನ್ನು ಕರೆದಳು. ಅವನು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತ. ಮೇಲೆ ಕೂರು ಎಂದರೂ ಏರಲಿಲ್ಲ.

‘ಬಾಕಿ ಬಿಟ್ಟೆ,’ ಎಂದಳು. ‘ಆದ್ರ ಮನಿ ಬಿಡಬೇಕಪಾ. ನಂದೂ ಹೊಟ್ಟಿ ಐತಿ. ಬಾಣಂತನ ಮುಗಿಯೂತನಕ ಇರ್ರಿ. ಡಿಪಾಜಿಟ್ ಪೂರಾ ತಿರುಗಿ ಕೊಡ್ತೀನಿ.’

‘ಡಿಪಾಜಿಟ್ ಬ್ಯಾಡ್ರಿ ಅವ್ವಾರ. ಬಾಕಿ ಅದಕ್ಕಿಂತ ಹೆಚ್ಚಾಗೇತಿ.’

‘ಮುಂದಿನ ಮನಿಯವ್ರು ಡಿಪಾಜಿಟ್ ಇಲ್ಲದ ಬಾಗ್ಲಾ ತೆರೀತಾರೇನು? ಇಟ್ಕೋ.’

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸಾವಿರ ಜನರ ಮುಂದೆ ಹಲೋ ಹಲೋ ಎಂದವನಿಗೆ ಹೂಂ ಎನ್ನಲೂ ಆಗಲಿಲ್ಲ. ಇದು ಸರಿಯಾದ ರಾಜಿ, ಎರಡೂ ಕಡೆ ನ್ಯಾಯ ಸಿಕ್ಕಿತು ಎಂದರು ವಕೀಲರು. ಇರಬಹುದು. ಆದರೆ ಅವತ್ತು ಕಟ್ಟೆಯ ಮೇಲಿದ್ದ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವರು ಹೊರಟರು. ದಾಕ್ಷಾಯಣಿ ಗಂಡನ ಮನೆಗೆ, ಅಪ್ಪ ಅವ್ವ ಇಚಲಕರಂಜಿಗೆ. ಅಲ್ಲಿ ಫಕ್ಕೀರಪ್ಪನ ತಮ್ಮ ಮಗ್ಗದ ಕೆಲಸದಲ್ಲಿದ್ದ, ಅವನ ಒಂದೇ ಕೋಣೆಯಲ್ಲಿ ಇವರೂ ಇರಬೇಕು. ತವರಿನಿಂದ ಹೊರಡುವ ಹೆಣ್ಣುಮಗಳು ಬರಿ ಉಡಿಯಲ್ಲಿ ಹೋಗಬಾರದೆಂದು ನೀಲಗಂಗವ್ವ ನನ್ನ ಮುಂದೆಯೇ ಅವಳನ್ನು ನಿಲ್ಲಿಸಿ ಅಕ್ಕಿ, ಕೊಬ್ಬರಿ, ಕುಬುಸದ ಖಣ ಹಾಕಿ ಉಡಿ ತುಂಬಿದಳು. ದಾಕ್ಷಾಯಣಿ ಬಗ್ಗಿ ಕಾಲು ಮುಟ್ಟಿದಳು. ಎದ್ದವಳು ಮೆಲ್ಲಗೆ ಕೇಳಿದಳು:

‘ಆಯಿ, ಇನ್ನ ಪಂಚಮಿಗೆ ನಾ ಎಲ್ಲಿಗೆ ಬರ್ಲಿ?’

ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿನವರು ಕರೆದುತರುತ್ತಾರೆ. ಅವಳು ಯಾರನ್ನೂ ಚುಚ್ಚಲು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಅದಕ್ಕೇ ಅದು ಅಷ್ಟು ನಾಟಿತು. ನೀಲಗಂಗವ್ವ ಕೂಸಿನ ಕುಂಚಿಗೆ ಸರಿಮಾಡುತ್ತ, ‘ಕರಿಯಾಕ ಕಳಸ್ತೀನಿ ಬಿಡ ಯವ್ವಾ,’ ಎಂದಳು.

ಹೊಸ ಬಾಡಿಗೆದಾರರು ಸಂದಿ ಬಿದ್ದ ಬಾಗಿಲು ಬೇಡವೆಂದರು. ಅವರಿಗಾಗಿ ಕಬ್ಬಿಣದ ಬಾಗಿಲು ಬಂತು. ಮುಚ್ಚಿದಾಗಲೆಲ್ಲ ದಡಾರ್ ಎನ್ನುತ್ತದೆ. ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದೆ. ನನ್ನನ್ನು ಹಿತ್ತಲಿಗೆ ತಂದು ನೀರಿನ ಟಾಕಿಯ ಮೇಲೆ ಮಲಗಿಸಿದರು. ಈಗ ನಾನು ಟಾಕಿಯ ಮುಚ್ಚಳ. ನಿಂತು ಬದುಕಿದವನಿಗೆ ಮಲಗಿರುವುದು ಮೊದಮೊದಲು ಕಷ್ಟವಾಯಿತು, ಈಗ ರೂಢಿಯಾಗಿದೆ. ನಲ್ಲಿಯಲ್ಲಿ ನೀರು ಬಿಡುವ ದಿನ ನೀಲಗಂಗವ್ವ ಬಂದು ನನ್ನನ್ನು ಸರಿಸಿ ಕೊಡ ತುಂಬಿಕೊಳ್ಳುತ್ತಾಳೆ. ಸೀಳಿದ ಅಂಚಿಗೆ ಕೈ ತಾಗಿದರೆ ಒಂದು ಗಳಿಗೆ ನಿಂತುಬಿಡುತ್ತಾಳೆ.

ಇವತ್ತು ಪಂಚಮಿ ಹಬ್ಬದ ಹಿಂದಿನ ದಿನ. ಬೆಳಿಗ್ಗೆ ಅವಳು ಚನ್ನಬಸುವಿನ ಕೈಗೆ ಒಂದು ಸೀರೆ, ಉಂಡಿ ಡಬ್ಬಿ ಕೊಟ್ಟು ಕುಂದಗೋಳಕ್ಕೆ ಕಳಿಸಿದಳು. ‘ಅಣ್ಣ ಅನ್ನಿಸ್ಕೊಂಡು ಹೋಗು, ಕರಕೊಂಡು ಬಾ,’ ಎಂದಳು. ಅವನು ಹೋದ. ಮಧ್ಯಾಹ್ನ ಒಬ್ಬನೇ ಹಿತ್ತಲಿಗೆ ಬಂದ. ಸೀರೆ, ಡಬ್ಬಿ ಕೈಯಲ್ಲಿ ಹಾಗೆಯೇ ಇದ್ದವು.

‘ಯಾಕೋ? ಕಳಸಲಿಲ್ಲೇನು?’

‘ಬಾಗ್ಲಾ ಮುಚ್ಚಿತ್ತು ಅತ್ತಿ.’

‘ಮುಚ್ಚಿದ್ರ ಬಡೀಬೇಕಿಲ್ಲೋ?’

ಚನ್ನಬಸು ಬಂದು ನನ್ನ ಮೇಲೆಯೇ ಕೂತ. ತಲೆ ಎತ್ತಲಿಲ್ಲ. ‘ಕೈ ಎತ್ತಿದೆ. ಬಡಿಯಾಕ ಆಗ್ಲಿಲ್ಲ. ಯಾರು ಅಂತ ಒಳಗಿಂದ ಕೇಳಿದ್ರ ಏನ್ ಹೇಳ್ಲಿ? ನಿಮ್ಮ ಬಾಗ್ಲಾ ಕಿತ್ತಂವ ಅನ್ಲ್ಯಾ?’

ನೀಲಗಂಗವ್ವ ಬಯ್ಯುತ್ತಾಳೆಂದುಕೊಂಡೆ. ಅವಳು ಬಯ್ಯಲಿಲ್ಲ. ತುಂಬಿದ ಕೊಡವನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

‘ಏಳು. ನಾನೂ ಬರ್ತೀನಿ.’

‘ನಿನ್ನ ಮೊಣಕಾಲು?’

‘ಇರ್ಲಿ, ನಡಿ.’

‘ಯಾರು ಅಂದ್ರ ನೀ ಏನಂತಿ ಅತ್ತಿ?’

‘ಬಾಗ್ಲಾ ಕೀಳಸಿದಾಕಿ ಬಂದೇನಿ ಅಂತೀನಿ,’ ಎಂದಳು.

ಇಬ್ಬರೂ ಈಗಷ್ಟೇ ಹೋದರು. ಗೇಟಿನ ಸದ್ದು ಕೇಳಿತು. ಕುಂದಗೋಳದ ಆ ಮನೆಯ ಬಾಗಿಲು ಯಾವ ಮರದ್ದೋ, ಎಂಥ ಸ್ವಭಾವದ್ದೋ ನಾನರಿಯೆ. ಟಾಕಿಯ ಮೇಲೆ ಅಂಗಾತ ಮಲಗಿ ಅದಕ್ಕೆ ಒಂದೇ ಮಾತು ಕೇಳಿಕೊಳ್ಳುತ್ತಿದ್ದೇನೆ: ಅಣ್ಣಾ, ಬಡಿಯುವ ಕೈ ನಡುಗುತ್ತಿದ್ದರೆ ಅದು ನಮ್ಮ ಮುದುಕಿ. ತೆರೆದುಬಿಡು.